ಮಳಲಿನ ಸಾಕ್ಷ್ಯವೂ ಪ್ರಳಯದ ಮಾತೂ

2004ನೆಯ ಇಸವಿಯ ಡಿಸೆಂಬರ್ 26ರಂದು ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಕಡಲ ತಳದಲ್ಲಿ ಸಂಭವಿಸಿದ ಮಹಾಭೂಕಂಪದಿಂದ ಹೊರಟ ತೆರೆಗಳು ಹಿಂದೂ ಮಹಾಸಾಗರದ ಸುತ್ತಣ ನಾಡುಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಜನರನ್ನು ಬಲಿಗೊಂಡವು. ಅಂದಿನಿಂದ ‘ಸುನಾಮಿ’ ಎಂಬ ಜಪಾನೀ ಪದವು ಕನ್ನಡದಲ್ಲಿಯೂ ಮನೆಮಾತಾಗಿದೆ. ‘ಬಂದರಿನ ತೆರೆ’ ಎಂಬದಷ್ಟೇ ಅದರ ಮೂಲಾರ್ಥವು. ಪದದ ಬೆನ್ನಿಗೆ ಒಂದು ವ್ಯಾಖ್ಯಾನಪದ್ಧತಿಯೂ ಬಂದಿತು. ಪುರಾಣಕಾವ್ಯಗಳಲ್ಲಿ ಕಡಲು ಉಕ್ಕಿದ ಮಾತು ಎಲ್ಲಿ ಬಂದರೂ ಅದನ್ನು ಸುನಾಮಿಯೆಂದು ಅರ್ಥಮಾಡುವದು, ನೆಲದಲ್ಲಿ ಮಳಲು ಎಲ್ಲಿ ಕಂಡರೂ ಅದನ್ನು ಆ ಮಾತಿಗೆ ಸಾಕ್ಷಿಯೆಂದು ನಿಲ್ಲಿಸುವದು, ಇದು ಉಪನ್ಯಾಸಗಳಲ್ಲಿಯೂ ತರಗತಿಗಳಲ್ಲಿಯೂ ಕೇಳಬರುವ ವಾಡಿಕೆಯಾಗಿದೆ. ಮಾತು ಮಳಲನ್ನೂ ಮಳಲು ಮಾತನ್ನೂ ಆಶ್ರಯಿಸಿ ನಿಂತ ಈ ವಾದದಲ್ಲಿ ಅನ್ಯೋನ್ಯಾಶ್ರಯದೋಷವಿರುವದು ತರ್ಕವನ್ನು ಓದಿದವರಿಗೆ ಕೂಡಲೆ ಹೊಳೆಯುವದು.

ಆದರೆ ದೋಷವನ್ನು ತೋರಿಸಿ ಸುಮ್ಮನಾದರೆ ಸಾಲದು. ಕಡಲತೆರೆಯು ನಿಜವಾಗಿಯೂ ನೆಲದ ಮೇಲೆ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಆ ಗುರುತನ್ನು ಓದುವ ಶಾಸ್ತ್ರವು ಈಚಿನ ನಾಲ್ಕು ದಶಕಗಳಲ್ಲಿ ಚೆನ್ನಾಗಿ ಬೆಳೆದಿದೆ. ಅದು ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತದೆ, ಯಾವುದನ್ನು ಒಪ್ಪುವದಿಲ್ಲ, ನಮ್ಮ ಗ್ರಂಥಶಾಸನಗಳ ಮಾತು ಅದರೊಡನೆ ಎಷ್ಟರ ಮಟ್ಟಿಗೆ ಕೂಡಿಬರುತ್ತದೆ ಎಂಬದು ವಿಚಾರಾರ್ಹವಾಗಿದೆ.

ಈ ವಿಚಾರವನ್ನು ಕಡಲಿನಿಂದ ದೂರದ ಒಂದು ಸೀಮೆಯಲ್ಲಿ ಆರಂಭಿಸುವದು ಉಚಿತ. ಯಾಕೆಂದರೆ ಸಾಕ್ಷ್ಯದಂತೆ ತೋರುವ ಅಸಾಕ್ಷ್ಯವು ಹೇಗಿರುತ್ತದೆಂಬದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಪಡುವಣ ಕಡಲಿನಿಂದ 150 ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ, ಕಡಲ ಮಟ್ಟದಿಂದ 500 ಮೀಟರಿಗೂ ಮಿಕ್ಕಿ ಎತ್ತರದಲ್ಲಿ ಇದೆ. ನಡುವೆ ಸಹ್ಯಾದ್ರಿಯ ಗೋಡೆ. ಯಾವ ಸುನಾಮಿಯೂ ಇಲ್ಲಿಗೆ ಬಂದೀತೆಂಬ ಮಾತಿಲ್ಲ. ಹೀಗಿದ್ದೂ ಬಾದಾಮಿಯಿಂದ ಗಜೇಂದ್ರಗಡದವರೆಗೆ ಹಬ್ಬಿದ ಮಳಲುಗಲ್ಲಿನ ಗುಡ್ಡಗಳಲ್ಲಿ ತೆರೆಯ ಗೆರೆಗಳು ಕಾಣಸಿಗುತ್ತವೆ. ಹೊಳೆಯ ದಂಡೆಯ ಹಸಿ ಉಸುಕಿನಲ್ಲಿ ನೀರು ಸರಿದ ಮೇಲೆ ಉಳಿಯುವ ಸಣ್ಣ ಸಣ್ಣ ಏರಿಳಿತಗಳು ಹೇಗೋ ಹಾಗೆಯೇ ಬಂಡೆಯ ಮೈಯಲ್ಲಿ ಸಾಲು ಸಾಲಾಗಿ ಕಲ್ಲಾಗಿ ನಿಂತಿವೆ. ಅವನ್ನು ನೋಡಿದವರಿಗೆ ಒಂದು ಕಾಲದಲ್ಲಿ ಇಲ್ಲಿ ಕಡಲಿತ್ತು, ಪ್ರಳಯದಲ್ಲಿ ಬಂದು ಹೋಯಿತು ಎಂದು ತೋರುವದು ಸಹಜವೇ.

ಈ ಗುಡ್ಡಗಳನ್ನು ಶಾಸ್ತ್ರೀಯವಾಗಿ ಮೊದಲು ವಿವರಿಸಿದವರು ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು. ದಕ್ಷಿಣ ಮರಾಠಾ ಸೀಮೆಯ ಭೂಗರ್ಭವನ್ನು ಕುರಿತ ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಬಾಗಲಕೋಟೆಯ ಕಡೆಯ ಕಲಾದಗಿ ಊರಿನ ಹೆಸರನ್ನು ಈ ಶಿಲಾವರ್ಗಕ್ಕೆ ಇಟ್ಟವರೂ ಅವರೇ. ಇವರ ತರುವಾಯದ ವಿದ್ವಾಂಸರು ಕಲಾದಗಿ ವರ್ಗವನ್ನು ಎರಡಾಗಿ ಒಡೆದು, ಹಳೆಯದನ್ನು ಬಾಗಲಕೋಟೆ ಗಣವೆಂದೂ ಅದರ ಮೇಲೆ ಕೂತ ಹೊಸದನ್ನು ಬಾದಾಮಿ ಗಣವೆಂದೂ ಕರೆದರು. ಹೊಸದೆಂಬ ಮಾತನ್ನು ಇಲ್ಲಿ ಎಚ್ಚರದಿಂದ ತಿಳಿಯಬೇಕು. ಮನುಷ್ಯನಿರಲಿ, ಚಿಪ್ಪುಳ್ಳ ಜೀವಿಗಳೇ ಇನ್ನೂ ಹುಟ್ಟದಿದ್ದ ಕಾಲದ ಕಲ್ಲು ಅದು. ಐವತ್ತು ಕೋಟಿ ವರ್ಷಗಳಿಗಿಂತಲೂ ಬಹಳ ಹಿಂದಿನದು. ಹರಿದಾಡುವ ಹೊಳೆಗಳೂ ಆಳವಿಲ್ಲದ ಕಡಲೂ ತಂದು ಹಾಸಿದ ಮಳಲು, ಯುಗಯುಗಗಳ ಭಾರದ ಕೆಳಗೆ ಗಟ್ಟಿಯಾಗಿ ಕಲ್ಲಾಯಿತು. ಬಂಡೆಯ ಮೇಲಣ ಸಣ್ಣ ಏರಿಳಿತಗಳು ದಿನದಿನದ ನೀರಿನ ಕೆಲಸ. ಮಂದವಾದ ಹರಿವು ಅಥವಾ ಗಾಳಿಯ ಕಿರುತೆರೆ ಅವನ್ನು ಬರೆಯುತ್ತದೆ. ಮಹಾತೆರೆಯು ಬಂದಲ್ಲಿ ಇಂಥ ನಾಜೂಕಾದ ಬರವಣಿಗೆಯು ಹುಟ್ಟುವದಕ್ಕಿಂತ ಅಳಿಸಿಹೋಗುವದೇ ಹೆಚ್ಚು. ಆದುದರಿಂದ ಇಲ್ಲಿ ಕಡಲು ಇದ್ದಿರಬಹುದೆಂಬ ಮಾತು ನಿಜವಾದರೂ, ಪ್ರಳಯವಾಯಿತೆಂಬ ಮಾತು ಅದರಿಂದ ಹುಟ್ಟುವದಿಲ್ಲ. ಇದ್ದ ಕಡಲು ಬೇರೆ, ನುಗ್ಗಿಬಂದ ಕಡಲು ಬೇರೆ.

ಈ ಕಲ್ಲಿನಲ್ಲಿ ಎರಡು ಬರಹಗಳಿವೆ ಎಂದರೆ ತಪ್ಪಾಗದು. ಬಾದಾಮಿಯ ಬೆಟ್ಟದ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ ಕೋಟೆ ಕಟ್ಟಿಸಿದುದನ್ನು ಬರೆಯಿಸಿದನು. ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವು ಶಕ 500ರದು, ಕ್ರಿ. ಶ. 578. ಅರಸರ ಬರಹವನ್ನು ಓದುವಾಗ ಲಿಪಿಯಾವುದು, ಕಾಲವಾವುದು, ಪಾಠವು ಶುದ್ಧವೋ ಎಂದು ಮೂರು ಸಲ ಕೇಳುವ ವಿದ್ವಾಂಸರು, ಅದೇ ಬಂಡೆಯ ಮೇಲಣ ನೀರಿನ ಬರಹವನ್ನು ಒಂದೇ ನೋಟಕ್ಕೆ ಓದಿಬಿಡುವದು ಸೋಜಿಗವೇ ಸರಿ.

ಗುಡ್ಡವನ್ನಿಳಿದು ಬಯಲಿಗೆ ಬಂದರೆ ಎರೆಭೂಮಿ. ನರಗುಂದದ ಒಂಟಿ ಗುಡ್ಡದ ಸುತ್ತಲೂ ರೋಣದ ಹೊಲಗಳಲ್ಲಿಯೂ ಕಣ್ಣು ಹಾಯುವವರೆಗೆ ಇದೇ ಕಪ್ಪು ನೆಲ. ಈ ಸೀಮೆಗೆ ನೆರೆಯು ಹೊಸದಲ್ಲ. ಸೀಮೆಯ ಬಡಗಣ ಅಂಚಿನಲ್ಲಿ ಮಲಪ್ರಭೆಯು ಹರಿಯುತ್ತದೆ. ನವಲಗುಂದದ ಕಡೆಯಿಂದ ಬರುವ ಬೆಣ್ಣೆಹಳ್ಳವು ರೋಣದ ಸೀಮೆಯಲ್ಲಿ ಅದನ್ನು ಕೂಡುತ್ತದೆ. ಹೆಸರಿಗೆ ಹಳ್ಳವಾದರೂ ಮಳೆಗಾಲದಲ್ಲಿ ಅದು ಹೊಳೆಯನ್ನು ಮೀರಿಸುವದುಂಟು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆಯಲ್ಲಿಯೂ, 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು ಮುಂತಾದ ಊರುಗಳನ್ನು ಹೊಕ್ಕಾಗಲೂ, ನೀರಿಳಿದ ಮೇಲೆ ಮನೆ ಮನೆಯಲ್ಲಿ ಹೂಳು ನಿಂತಿತು. ಹೀಗೆ ಪ್ರತಿಯೊಂದು ನೆರೆಯೂ ಒಂದೊಂದು ಪದರವನ್ನು ಹಾಸಿ ಹೋಗುವದಾದರೆ, ಈ ಎರೆಯಲ್ಲಿ ಸಾವಿರಾರು ವರ್ಷಗಳ ನೆರೆಗಳ ಲೆಕ್ಕವು ಓಲೆಗರಿಯ ಕಟ್ಟಿನಂತೆ ಒಂದರ ಮೇಲೊಂದು ಇರಬೇಕಾಗಿತ್ತು.

ಆದರೆ ಎರೆಭೂಮಿಯ ಗುಣವೇ ಬೇರೆ. ಬೇಸಿಗೆಯಲ್ಲಿ ಅದು ಒಣಗಿ ಬಿರಿಯುತ್ತದೆ. ಒಕ್ಕಲಿಗನ ಕೈಯಲ್ಲಿಯ ಕೋಲು ಪೂರ್ತಿಯಾಗಿ ಇಳಿಯುವಷ್ಟು ಆಳದ ಬಿರುಕುಗಳು ಬೀಳುತ್ತವೆ. ಮೇಲಿನ ಮಣ್ಣು ಉದುರಿ ಬಿರುಕಿನ ತಳಕ್ಕೆ ಬೀಳುತ್ತದೆ. ಮಳೆ ಬಂದೊಡನೆ ನೆಲವು ನೀರು ಕುಡಿದು ಉಬ್ಬಿ ಬಿರುಕನ್ನು ಮುಚ್ಚುತ್ತದೆ. ತಳಕ್ಕೆ ಬಿದ್ದ ಮಣ್ಣಿಗೆ ಎಡೆಮಾಡಿಕೊಡಲು ಕೆಳಗಿನದು ಮೇಲಕ್ಕೆ ಒತ್ತರಿಸುತ್ತದೆ. ವರ್ಷ ವರ್ಷವೂ ಹೀಗೆ ನೆಲವು ತನ್ನನ್ನು ತಾನೇ ಉಳುತ್ತಿರುತ್ತದೆ. ಇಂಥ ಭೂಮಿಯಲ್ಲಿ ಹಾಸಿದ ಪದರವು ಬಹುಕಾಲ ಪದರವಾಗಿ ನಿಲ್ಲಲಾರದು. ಬರೆದುದನ್ನು ತಾನೇ ಒರಸಿಕೊಳ್ಳುವ ಪಾಟಿಯಂತೆ ಅದು. ಗುಡ್ಡದಲ್ಲಿ ಗುರುತಿದ್ದರೂ ಪ್ರಳಯವಿಲ್ಲ; ಬಯಲಿನಲ್ಲಿ ನೆರೆಯಿದ್ದರೂ ಗುರುತು ನಿಲ್ಲುವದಿಲ್ಲ. ಮಳಲನ್ನು ಹೇತುವಾಗಿಟ್ಟು ಮಹಾತೆರೆಯನ್ನು ಸಾಧಿಸಲು ಹೊರಟರೆ ಹೇತುವು ಸವ್ಯಭಿಚಾರವಾಗುವದಕ್ಕೂ, ಮಳಲಿಲ್ಲದ ಮಾತ್ರಕ್ಕೆ ನೀರು ಬಂದಿರಲಿಲ್ಲವೆನ್ನುವದು ಸಲ್ಲದೆಂಬದಕ್ಕೂ ಈ ಒಂದೇ ಸೀಮೆಯಲ್ಲಿ ದೃಷ್ಟಾಂತಗಳು ಸಿಕ್ಕುವವು.

ಹಾಗಾದರೆ ನಿರ್ದುಷ್ಟವಾದ ಹೇತುವಾವುದು? 2004ರ ತೆರೆಯು ತಾನೇ ಇದಕ್ಕೆ ಉತ್ತರವನ್ನು ಬಹುಮಟ್ಟಿಗೆ ಬರೆದಿಟ್ಟು ಹೋಯಿತು. ತಮಿಳುನಾಡು, ಅಂಡಮಾನ್, ಥಾಯ್ಲೆಂಡ್, ಸುಮಾತ್ರಾಗಳ ದಂಡೆಗಳಲ್ಲಿ ಅದು ಹಾಸಿದ ಹೊಸ ಮಳಲನ್ನು ಸಂಶೋಧಕರು ಕಣ್ಣಾರೆ ಕಂಡು ಅಳೆದರು. ಕರ್ತೃವು ಗೊತ್ತಿರುವ ಗ್ರಂಥದಿಂದ ಶೈಲಿಯನ್ನು ಕಲಿತು ಕರ್ತೃವು ಗೊತ್ತಿಲ್ಲದ ಗ್ರಂಥವನ್ನು ಪರೀಕ್ಷಿಸಿದಂತೆ, ಆ ಮಳಲಿನಿಂದ ಲಕ್ಷಣಗಳನ್ನು ತೆಗೆದು ಹಳೆಯ ಪದರಗಳಿಗೆ ಹಚ್ಚಿದರು. ಗಾಳಿಯ ತೆರೆಯು ಹತ್ತು ಸೆಕೆಂಡಿಗೊಮ್ಮೆ ಬಂದು ಹಿಂದಿರುಗುವಂಥದು. ಸುನಾಮಿಯ ಒಂದು ತೆರೆಯು ಬಂದು ಹೋಗುವದಕ್ಕೆ ಹತ್ತು ನಿಮಿಷದಿಂದ ಅರ್ಧ ಗಂಟೆ, ಕೆಲವು ವೇಳೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಒಂದೇ ದಿಕ್ಕಿಗೆ ನುಗ್ಗುವ ನೀರು ಮಳಲನ್ನು ದಂಡೆಯಲ್ಲಿಯೇ ಚೆಲ್ಲದೆ ಒಳನಾಡಿಗೆ ದೂರದವರೆಗೆ ಹೊತ್ತು ತೆಳುವಾಗಿ ಹಾಸುತ್ತದೆ. ಕಡಲಿನ ಕಡೆಗೆ ದಪ್ಪ, ಒಳಗೆ ಹೋದಂತೆಲ್ಲ ತೆಳು. ಹಾಸಿನ ಅಡಿಯ ಗೆರೆಯು ಚಾಕುವಿನಿಂದ ಕೊಯ್ದಂತೆ ಇರುತ್ತದೆ. ಯಾಕೆಂದರೆ ನೀರು ಮೊದಲು ನೆಲವನ್ನು ಕೆರೆದು ಆಮೇಲೆ ಮಳಲನ್ನು ಇಳಿಸುತ್ತದೆ. ಕೆರೆದ ಕೆಸರಿನ ಉಂಡೆಗಳು ಮಳಲಿನ ನಡುವೆ ಸಿಕ್ಕಿಕೊಂಡಿರುವದೂ ಉಂಟು. ಅಡಿಯಲ್ಲಿ ದೊಡ್ಡ ಹರಳು, ಮೇಲೆ ಸಣ್ಣದು. ನೀರು ಸುಮ್ಮನಾದಾಗ ಇಳಿದ ನುಣ್ಣನೆಯ ರೇವೆ ಎಲ್ಲಕ್ಕೂ ಮೇಲೆ. ಇದರ ಜೊತೆಗೆ ಕಡಲಿನಲ್ಲಿ ಮಾತ್ರ ಬದುಕುವ ಫೊರಾಮಿನಿಫೆರ, ಡಯಾಟಮ್ ಮೊದಲಾದ ಸೂಕ್ಷ್ಮಜೀವಿಗಳ ಅವಶೇಷಗಳು ಸಿಹಿನೀರಿನ ಜವುಗಿನಲ್ಲಿ ಸಿಕ್ಕರೆ, ಮಳಲು ಎಲ್ಲಿಂದ ಬಂದಿತೆಂಬದೂ ತಿಳಿಯುವದು. ಗಜೇಂದ್ರಗಡದ ಕಲ್ಲಿಗೆ ಈ ಕೊನೆಯ ಒರೆಯನ್ನು ಹಚ್ಚುವಂತೆಯೇ ಇಲ್ಲ. ಚಿಪ್ಪೇ ಇಲ್ಲದ ಕಾಲದ ಮಳಲಿಗೆ ಚಿಪ್ಪಿನ ಪರೀಕ್ಷೆ ಹೇಗೆ?

ಆದರೂ ಇವುಗಳಲ್ಲಿ ಒಂದೊಂದೇ ಲಕ್ಷಣವು ಸಾಲದು. ಬಿರುಗಾಳಿಯ ಮಳೆಗಾಲದಲ್ಲಿ ಕಡಲು ಉಕ್ಕಿದಾಗಲೂ ಚಿಪ್ಪು ಬೆರೆತ ಮಳಲು ದಂಡೆಯನ್ನು ಹತ್ತಿ ಒಳಕ್ಕೆ ಬರುತ್ತದೆ. ಸುನಾಮಿಯ ಮಳಲಿನಿಂದ ಬಿರುಗಾಳಿಯ ಮಳಲನ್ನು ಬೇರ್ಪಡಿಸುವದೇ ಈ ಶಾಸ್ತ್ರದಲ್ಲಿ ಅತ್ಯಂತ ಕಷ್ಟದ ಕೆಲಸ. ಶಾಸನಾಭ್ಯಾಸಿಗಳಿಗೆ ಇಂಥ ಕಷ್ಟವು ಪರಿಚಿತವೇ ಇದೆ. ರೋಣ ಗಜೇಂದ್ರಗಡಗಳ ನಡುವಣ ಸೂಡಿಯಲ್ಲಿ ದೊರೆತ, ಗಂಗರ ಬೂತುಗನ ಹೆಸರಿನ, ಶಕ 860ರ ತೇದಿಯುಳ್ಳ ತಾಮ್ರಪಟವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದ ಫ್ಲೀಟರು ಅದನ್ನು ಕೂಟಶಾಸನವೆಂದು ಎಣಿಸಿದರು. ಅದರಲ್ಲಿ ಅರಸನ ಹೆಸರಿದೆ, ತೇದಿಯಿದೆ, ದಾನವಿದೆ, ಶಾಪಶ್ಲೋಕಗಳಿವೆ. ನಿಜವಾದ ಶಾಸನದಲ್ಲಿ ಇರಬೇಕಾದುದೆಲ್ಲ ಇದೆ. ಆದರೆ ಒಂದೊಂದು ಅಂಗವು ಇದ್ದ ಮಾತ್ರಕ್ಕೆ ಶಾಸನವು ನಿಜವಾಗುವದಿಲ್ಲ, ಅಂಗಗಳು ಒಂದಕ್ಕೊಂದು ಹೊಂದಬೇಕು, ಹೊರಗಿನ ಸಾಕ್ಷ್ಯದೊಡನೆಯೂ ಹೊಂದಬೇಕು ಎಂಬದು ಆ ಪದ್ಧತಿಯ ಜೀವಾಳ. ಫ್ಲೀಟರ ನಿರ್ಣಯಗಳಲ್ಲಿ ಎಷ್ಟೋ ಮುಂದೆ ತಿದ್ದುಪಡಿಗೆ ಒಳಗಾದವು. ಪದ್ಧತಿಯು ಮಾತ್ರ ನಿಂತಿದೆ. ಮಳಲಿನ ಓದಿನಲ್ಲಿಯೂ ಹಾಗೆಯೇ. ಬಿರುಗಾಳಿಯು ಹಾಸಿದುದು ಸಾಮಾನ್ಯವಾಗಿ ದಂಡೆಯ ಹತ್ತಿರವೇ ದಪ್ಪವಾಗಿ ನಿಲ್ಲುತ್ತದೆ. ಗಂಟೆಗಟ್ಟಲೆ ಬಡಿದ ಅನೇಕ ತೆರೆಗಳಿಂದಾಗಿ ಅದರೊಳಗೆ ಅನೇಕ ತೆಳು ಎಳೆಗಳು ಕಾಣುತ್ತವೆ. ಸುನಾಮಿಯದರಲ್ಲಿ ಎಳೆಗಳು ಕೆಲವೇ, ಹರವು ದೊಡ್ಡದು. ಹತ್ತಾರು ಕಡೆ ತೋಡಿ, ಒಂದೇ ಹಾಸನ್ನು ಊರಿಂದೂರಿಗೆ ಹಿಂಬಾಲಿಸಿ ನೋಡಿದಲ್ಲದೆ ಈ ಭೇದವು ತಿಳಿಯುವಂತಿಲ್ಲ.

ಕಾಲನಿರ್ಣಯದಲ್ಲಿಯೂ ಎರಡು ತೊಡಕುಗಳಿವೆ. ಚಿಪ್ಪು, ಇದ್ದಿಲುಗಳನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಎಣಿಸಬಹುದು. ಆದರೆ ಚಿಪ್ಪು ಸತ್ತ ಕಾಲವೇ ತೆರೆಯು ಬಂದ ಕಾಲವೆಂದು ಹೇಳಬರುವದಿಲ್ಲ. ಹಿಂದೆಂದೋ ಸತ್ತು ದಂಡೆಯಲ್ಲಿ ಬಿದ್ದಿದ್ದ ಚಿಪ್ಪನ್ನೂ ತೆರೆಯು ಹೊತ್ತು ತಂದೀತು. ಕಡಲ ನೀರಿನ ಕಾರ್ಬನ್ನು ಹಳೆಯದಾಗಿರುವದರಿಂದ ಕಡಲ ಚಿಪ್ಪುಗಳ ವಯಸ್ಸು ನಿಜಕ್ಕಿಂತ ಕೆಲವು ನೂರು ವರ್ಷ ಹೆಚ್ಚಾಗಿ ತೋರುವದೂ ಉಂಟು. ಮಳಲಿನ ಹರಳು ಕಡೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬದನ್ನು ಅಳೆಯುವ ಇನ್ನೊಂದು ವಿಧಾನವಿದೆ. ಎರಡರಲ್ಲಿಯೂ ಸಿಕ್ಕುವದು ವರ್ಷವಲ್ಲ, ಒಂದು ಅವಧಿ. ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದಲ್ಲಿ 2004ರ ಹಾಸಿನ ಕೆಳಗೆ ಸಿಕ್ಕ ಹಿಂದಿನ ಹಾಸು 550ರಿಂದ 700 ವರ್ಷಗಳ ಹಿಂದಿನದೆಂದು 2008ರಲ್ಲಿ ಪ್ರಕಟವಾಯಿತು. ಈ ಒಂದೂವರೆ ಶತಮಾನದ ಅವಧಿಯೊಳಗೆ ಯಾವ ವರ್ಷ, ಯಾವ ದಿನ ಎಂದು ಹೇಳುವ ಶಕ್ತಿ ಮಳಲಿಗಿಲ್ಲ. ಅದು ಬರಹಕ್ಕೆ ಮಾತ್ರವೇ ಉಂಟು.

ಬರಹವೂ ಮಳಲೂ ಕೂಡಿದ ಸ್ಥಳಗಳನ್ನು ನೋಡಿದರೆ ಈ ಮಾತಿನ ಬೆಲೆ ತಿಳಿಯುವದು. ಜಪಾನಿನ ‘ನಿಹೋನ್ ಸಾಂದೈ ಜಿತ್ಸುರೊಕು’ ಎಂಬ ರಾಜಚರಿತ್ರೆಯು ಜೋಗಾನ್ ಶಕೆಯಲ್ಲಿ, ಕ್ರಿ. ಶ. 869ರಲ್ಲಿ, ನೆಲ ನಡುಗಿ ಕಡಲು ಕೋಟೆಯ ಊರಿನವರೆಗೆ ನುಗ್ಗಿ ಸಾವಿರ ಜನ ಮುಳುಗಿದರೆಂದು ಹೇಳುತ್ತದೆ. ಇದನ್ನು ರಾಜಚರಿತ್ರೆಯ ಅತಿಶಯೋಕ್ತಿಯೆಂದು ಬದಿಗಿಡುವದಕ್ಕೆ ಅಡ್ಡಿಯಿರಲಿಲ್ಲ. ತೊಹೊಕು ವಿಶ್ವವಿದ್ಯಾಲಯದ ಮಿನೌರಾ ಮೊದಲಾದವರು ಸೆಂದಾಯ್ ಬಯಲಿನ ಭತ್ತದ ಗದ್ದೆಗಳ ಕೆಳಗೆ ಕಡಲಿನಿಂದ ಮೂರು ನಾಲ್ಕು ಕಿಲೋಮೀಟರು ಒಳಗೆ ಆ ಕಾಲದ ಮಳಲನ್ನು ಕಂಡುಹಿಡಿದು, ಇಂಥದು ಮರುಕಳಿಸುವದೆಂದು ಬರೆದರು. 2011ರ ಮಾರ್ಚ್ 11ರಂದು ಅದೇ ಬಯಲು ಮತ್ತೆ ಮುಳುಗಿತು. ಆ ತರುವಾಯ ಅಳೆದಾಗ ಇನ್ನೊಂದು ಸಂಗತಿ ಹೊರಬಿದ್ದಿತು: ಮಳಲಿನ ಹಾಸು ಸುಮಾರು ಮೂರು ಕಿಲೋಮೀಟರಿಗೆ ನಿಂತರೂ ನೀರು ಅದನ್ನು ಮೀರಿ ಇನ್ನೂ ಒಳಕ್ಕೆ ಹೋಗಿತ್ತು. ಮಳಲು ನಿಂತ ಗೆರೆಯೇ ನೀರಿನ ಎಲ್ಲೆಯಲ್ಲ.

ಇದಕ್ಕಿಂತಲೂ ವಿಲಕ್ಷಣವಾದುದು 1700ರ ಜನವರಿಯ ಪ್ರಸಂಗ. ಆ ತಿಂಗಳಲ್ಲಿ ನೆಲ ನಡುಗದೆಯೇ ಕಡಲು ಏರಿತೆಂದು ಜಪಾನಿನ ಊರುಗಳ ಲೆಕ್ಕಪತ್ರಗಳಲ್ಲಿ ಬರೆದಿತ್ತು. ತಾಯಿಯಿಲ್ಲದ ಕೂಸಿನಂಥ ಈ ತೆರೆಗೆ ತಾಯಿಯು ಸಿಕ್ಕಿದ್ದು ಶಾಂತ ಮಹಾಸಾಗರದ ಆಚೆಯ ದಂಡೆಯಲ್ಲಿ. ಉತ್ತರ ಅಮೆರಿಕದ ಪಡುವಣ ಕರಾವಳಿಯಲ್ಲಿ ಬರಹವೇ ಇರಲಿಲ್ಲ; ಕುಸಿದ ನೆಲ, ಅದರ ಮೇಲೆ ಮಳಲಿನ ಹಾಸು, ಉಪ್ಪುನೀರಿನಲ್ಲಿ ನಿಂತಲ್ಲೇ ಸತ್ತ ದೇವದಾರುಗಳು ಇದ್ದವು. ಆ ಮರಗಳ ಕಡೆಯ ಉಂಗುರವು 1699ನೆಯ ಇಸವಿಯದಾಗಿತ್ತು. ಸಾಕ್ಷಿಯು ಒಂದು ದಂಡೆಯಲ್ಲಿ, ತೇದಿಯು ಇನ್ನೊಂದು ದಂಡೆಯಲ್ಲಿ.

ನಮ್ಮ ಪಡುವಣ ಕಡಲಿನಲ್ಲಿ ಇಂಥ ಕೂಟಕ್ಕೆ ಅತ್ಯಂತ ಹತ್ತಿರ ಬರುವದು ಕೆಳಶಿಯ ಪ್ರಕರಣ. ರತ್ನಾಗಿರಿ ಜಿಲ್ಲೆಯ ದಾಪೋಲಿ ತಾಲೂಕಿನ ಕೆಳಶಿಯಲ್ಲಿ, ಭಾರಜಾ ಹೊಳೆಯ ಅಳಿವೆಯ ಬಳಿ ದೊಡ್ಡದೊಂದು ಮಳಲದಿಬ್ಬವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಅಶೋಕ ಮರಾಠೆಯವರು ಅದರ ಪದರಗಳನ್ನು ಪರಿಶೀಲಿಸಿ, ಅಲ್ಲಿ ಸುನಾಮಿಯ ಗುರುತಿದೆಯೆಂದು ಸೂಚಿಸಿದರು. ಸಿ. ಪಿ. ರಾಜೇಂದ್ರನ್ ಮತ್ತು ಅವರ ಸಂಗಡಿಗರು ಅಲ್ಲಿಯ ಚಿಪ್ಪು ಬೆರೆತ ಹಾಸನ್ನು ಮತ್ತೆ ಪರೀಕ್ಷಿಸಿ, ಅದನ್ನು ಕ್ರಿ. ಶ. 1524ರ ಘಟನೆಯೊಂದಕ್ಕೆ ಹೊಂದಿಸಿದ ಲೇಖವು 2021ರಲ್ಲಿ ಪ್ರಕಟವಾಯಿತು. ಆ ಘಟನೆಯು ಪೋರ್ಚುಗೀಸರ ಚರಿತ್ರೆಗಳಿಂದ ತಿಳಿದುಬರುತ್ತದೆ. ವಾಸ್ಕೊ ಡ ಗಾಮನು ಮೂರನೆಯ ಸಲ, ವೈಸರಾಯನಾಗಿ, ಹಿಂದುಸ್ತಾನಕ್ಕೆ ಬರುತ್ತಿದ್ದಾಗ ಸೆಪ್ಟೆಂಬರ್ ತಿಂಗಳಲ್ಲಿ ದಾಭೋಳದ ಎದುರಿಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಕಡಲು ಕುದಿದೆದ್ದು ಹಡಗುಗಳು ನಡುಗಿದವು. ನಾವಿಕರು ದಿಬ್ಬ ತಗುಲಿತೆಂದು ಗಾಬರಿಗೊಂಡರು. ಕಡಲೇ ತಮಗಂಜಿ ನಡುಗುತ್ತಿದೆಯೆಂದು ಗಾಮನು ಅವರಿಗೆ ಧೈರ್ಯ ಹೇಳಿದನೆಂದು ಚರಿತ್ರೆಕಾರರ ಮಾತು. ಅದೇ ವರ್ಷದ ಡಿಸೆಂಬರ್ 24ರಂದು ಅವನು ಕೊಚ್ಚಿಯಲ್ಲಿ ತೀರಿಕೊಂಡನು.

ದಾಭೋಳವು ಆಗ ಪರದೇಶವಾಗಿರಲಿಲ್ಲ. ಅದು ವಿಜಾಪುರದ ಆದಿಲಶಾಹಿಯ ಮುಖ್ಯ ಬಂದರು. ಇಸ್ಮಾಯಿಲ್ ಆದಿಲಶಹನ ಆಳಿಕೆ ನಡೆದಿತ್ತು. ತುಂಗಭದ್ರೆಯ ಕಡೆ ಕೃಷ್ಣದೇವರಾಯನಿನ್ನೂ ಬದುಕಿದ್ದನು. ಕನ್ನಡ ಬರಹವೂ ಪಾರಸೀ ಬರಹವೂ ಧಾರಾಳವಾಗಿದ್ದ ಕಾಲವದು. ಆದರೂ ಈ ನಡುಕದ ಮಾತನ್ನು ಉಳಿಸಿದವರು ಹಡಗಿನ ಮೇಲಿದ್ದ ಪರಕೀಯರು. ಇಲ್ಲಿ ಪ್ರಮಾಣವಿಭಾಗವನ್ನು ಮರೆಯಬಾರದು. ಪೋರ್ಚುಗೀಸ್ ಗ್ರಂಥಗಳು ಮುಖ್ಯವಾಗಿ ಹೇಳುವದು ಹಡಗುಗಳ ನಡುಕವನ್ನು. ಕೆಳಶಿಯ ಹಾಸು ಹೇಳುವದು ನೆಲವನ್ನೇರಿದ ನೀರನ್ನು. ಒಂದು ಶಬ್ದ, ಇನ್ನೊಂದು ಪ್ರತ್ಯಕ್ಷ; ಎರಡೂ ಒಂದೇ ದಿನದವೆಂಬದು ಅನುಮಾನ. ಸ್ಥಳವು ಸಮೀಪವಾಗಿರುವದರಿಂದಲೂ ಹಾಸಿನ ಅವಧಿಯೊಳಗೆ 1524 ಬೀಳುವದರಿಂದಲೂ ಅನುಮಾನವು ಬಲವಾದುದೇ. ತೆರೆಯ ಮೂಲವು ಈಗಿನ ಪಾಕಿಸ್ತಾನ ಇರಾನ್‌ಗಳ ದಕ್ಷಿಣಕ್ಕಿರುವ ಮಕ್ರಾನ್ ಕರಾವಳಿಯ ಕಡಲತಳವಾಗಿರಬೇಕೆಂಬ ಅವರ ಮತವು ಅನುಮಾನದ ಮೇಲಣ ಅನುಮಾನವಾದುದರಿಂದ ಅಷ್ಟೇ ಬಲವುಳ್ಳದ್ದಲ್ಲ.

ಈಗ ಗ್ರಂಥಗಳ ಮಾತಿಗೆ ಬರಬಹುದು. ಪಡುವಣ ಕರಾವಳಿಯನ್ನು ಕುರಿತು ಹೆಚ್ಚಾಗಿ ಎತ್ತುವ ಕಥೆ ಬ್ರಹ್ಮಾಂಡ ಪುರಾಣದ್ದು. ಸಗರನ ಮಕ್ಕಳು ಅಗೆದ ನೆಲಕ್ಕೆ ಕಡಲು ತುಂಬಿ ಗೋಕರ್ಣಕ್ಷೇತ್ರವು ಮುಳುಗಿತು. ಅಲ್ಲಿಯ ಮುನಿಗಳು ಪರಶುರಾಮನನ್ನು ಮರೆಹೊಕ್ಕರು. ಅವನು ವರುಣನನ್ನು ಬೆದರಿಸಿ ಕಡಲನ್ನು ಹಿಂದಕ್ಕೆ ಸರಿಸಿದನು. ಇದನ್ನು ಸುನಾಮಿಯೆನ್ನುವವರು ಕಥೆಯನ್ನು ಪೂರ್ತಿಯಾಗಿ ಓದಿದಂತೆ ತೋರುವದಿಲ್ಲ. ಸುನಾಮಿಯ ನೀರನ್ನು ಸರಿಸುವದಕ್ಕೆ ಪರಶುರಾಮನು ಬೇಕಿಲ್ಲ. ಅದು ಕೆಲವು ಗಂಟೆಗಳಲ್ಲಿ ತಾನೇ ಹಿಂದಿರುಗುತ್ತದೆ. ಮುನಿಗಳು ವಸತಿಗೆಟ್ಟು ಬೆಟ್ಟವನ್ನು ಸೇರಿ ಮೊರೆಯಿಡುವಷ್ಟು ಕಾಲ ನಿಂತ ನೀರು, ಸಾವಕಾಶವಾಗಿ ಏರಿದ ಕಡಲಮಟ್ಟದ ಮಾತಾಗಿರಬಹುದು ಅಥವಾ ಕೇವಲ ಕ್ಷೇತ್ರಮಹಾತ್ಮ್ಯೆಯ ಕಲ್ಪನೆಯಾಗಿರಬಹುದು. ತೆರೆಯ ಮಾತಂತೂ ಅಲ್ಲ. ಮೌಸಲಪರ್ವದ ದ್ವಾರಕೆಯೂ ಹೀಗೆಯೇ: ಯಾದವರು ಹೊರಬಿದ್ದಂತೆಲ್ಲ ಕಡಲು ಊರನ್ನು ಆಕ್ರಮಿಸಿತು, ಮತ್ತೆ ಬಿಟ್ಟುಕೊಡಲಿಲ್ಲ. ತಮಿಳಿನ ‘ಮಣಿಮೇಖಲೈ’ಯಲ್ಲಿ ಇಂದ್ರೋತ್ಸವವನ್ನು ಮರೆತುದಕ್ಕಾಗಿ ಕಡಲು ಕೊಂಡ ಕಾವೇರಿಪಟ್ಟಣದ ಮಾತೂ ಇದೇ ಬಗೆಯದು.

ಇನ್ನು ಕಾವ್ಯಗಳ ವಿಷಯ. ಕಡಲು ಮೇರೆಯನ್ನು ಮೀರುವದಿಲ್ಲ ಎಂಬದು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ನೆಲೆಗೊಂಡ ಕವಿಪ್ರೌಢೋಕ್ತಿ. ಅರಸನ ಗಾಂಭೀರ್ಯಕ್ಕೂ ಮರ್ಯಾದೆಗೂ ಉಪಮಾನವಾಗಿ ಕಡಲು ನಿಲ್ಲುವದು ಈ ಕಾರಣದಿಂದಲೇ. ‘ಮರ್ಯಾದೆ’ ಎಂಬ ಶಬ್ದಕ್ಕೆ ಎಲ್ಲೆಯೆಂಬ ಅರ್ಥವಿದ್ದುದರಿಂದ ಶ್ಲೇಷೆಗೂ ಅನುಕೂಲ. ಮೇರೆಯನ್ನು ಮೀರಿದ ಕಡಲೆಂದರೆ ಕಲ್ಪಾಂತದ ಕಡಲೇ. ಹಾಗಾಗಿ ಸೇನೆಯನ್ನು ಬಣ್ಣಿಸುವ ಕವಿಗೆ ಪ್ರಳಯಸಮುದ್ರವು ಕೈಗೆ ಸಿಕ್ಕ ಉಪಮೆ. ಗಜೇಂದ್ರಗಡಕ್ಕೆ ಸಮೀಪದ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಕ್ರಿ. ಶ. 634ರಲ್ಲಿ ಬರೆದ ಪ್ರಶಸ್ತಿಯಲ್ಲಿ ಪಡುವಣ ಕಡಲಿನ ನಗರದ ಮೇಲೆ ಪುಲಕೇಶಿಯ ನೌಕಾಸೇನೆಯು ಏರಿಹೋದಾಗ ಬಾನು ಕಡಲಿನಂತೆಯೂ ಕಡಲು ಬಾನಿನಂತೆಯೂ ಆದವೆಂಬ ವರ್ಣನೆಯುಂಟು. ಇದರಲ್ಲಿ ಹವಾಮಾನವನ್ನು ಹುಡುಕುವದು ವ್ಯರ್ಥ. ಕಾಳಿದಾಸನ ದಾರಿಯಲ್ಲಿ ನಡೆದ ಕವಿಯ ಅಲಂಕಾರವಷ್ಟೇ ಇದು. ಹೀಗೆ ಉಪಮೆಯ ಒತ್ತಿನಿಂದಾಗಿ ನಿಜವಾದ ಕಡಲೇರಿಕೆಯನ್ನು ಹೇಳುವ ಭಾಷೆಯೇ ಕವಿಗಳಲ್ಲಿ ಸವೆದುಹೋಗಿತ್ತು. ಯಾರಾದರೊಬ್ಬ ಕವಿಯು ಕಣ್ಣಾರೆ ಕಂಡು ಬರೆದಿದ್ದರೂ ಓದುಗನು ಅದನ್ನು ಅಲಂಕಾರವೆಂದೇ ಓದಿಯಾನು.

ಶಬ್ದಪ್ರಮಾಣವೇ ಇಲ್ಲಿ ದುರ್ಬಲವೆಂದು ಇದರಿಂದ ತಿಳಿಯಬಾರದು. ಅದನ್ನು ಎಲ್ಲಿ ಹುಡುಕಬೇಕೆಂಬದಕ್ಕೆ ಗಿರಿನಾರದ ರುದ್ರದಾಮನ ಶಾಸನವು ಮಾದರಿಯಾಗಿದೆ. ಅದರಲ್ಲಿ 72ನೆಯ ವರ್ಷದ, ಎಂದರೆ ಕ್ರಿ. ಶ. 150ರ ಸುಮಾರಿನ, ಮಾರ್ಗಶೀರ್ಷ ಬಹುಳ ಪಾಡ್ಯದ ಬಿರುಮಳೆಯಲ್ಲಿ ಸುವರ್ಣಸಿಕತಾ, ಪಲಾಶಿನೀ ಮೊದಲಾದ ಹೊಳೆಗಳು ಉಕ್ಕಿ ಸುದರ್ಶನ ಕೆರೆಯ ಏರಿಯು ಒಡೆದ ಸಂಗತಿಯುಂಟು. ಆ ಬಿರುಗಾಳಿಯು ಯುಗಾಂತಕ್ಕೆ ಸದೃಶವಾಗಿತ್ತೆಂದು ಶಾಸನಕಾರನೂ ಹೇಳದೆ ಬಿಟ್ಟಿಲ್ಲ. ಆದರೆ ಅದರ ಮಗ್ಗುಲಲ್ಲಿಯೇ ಒಡಕು ಉದ್ದ 420 ಮೊಳ, ಅಗಲವೂ ಅಷ್ಟೇ, ಆಳ 75 ಮೊಳ ಎಂದು ಅಳೆದು ಬರೆದಿದ್ದಾನೆ. ದುರಸ್ತಿಯನ್ನು ಯಾರು ಮಾಡಿಸಿದರು, ಪ್ರಜೆಗಳ ಮೇಲೆ ಕರ ಹಾಕದೆ ಯಾರ ಬೊಕ್ಕಸದಿಂದ ವೆಚ್ಚವಾಯಿತು ಎಂಬದನ್ನೂ ಹೇಳಿದ್ದಾನೆ. ಒಂದೇ ಗದ್ಯದಲ್ಲಿ ಯುಗಾಂತವೂ ಇದೆ, ಮೊಳದ ಲೆಕ್ಕವೂ ಇದೆ. ಇತಿಹಾಸಕ್ಕೆ ಬೇಕಾದುದು ಎರಡನೆಯದು. ಸಾಹಿತ್ಯದ ಅಧ್ಯಾಪಕರು ಈ ಶಾಸನವನ್ನು ಗದ್ಯಶೈಲಿಗಾಗಿ ಓದಿಸುತ್ತಾರೆ. ಈ ವಿವೇಕಕ್ಕಾಗಿಯೂ ಓದಿಸಬಹುದು. ಕನ್ನಡದ ಶಾಸನಗಳಲ್ಲಿಯೂ ಕೆರೆ ಒಡೆದುದು, ಏರಿ ಕಟ್ಟಿಸಿದುದು, ಅದಕ್ಕಾಗಿ ಭೂಮಿ ಬಿಟ್ಟುದು ಹೇರಳವಾಗಿ ದೊರೆಯುತ್ತವೆ. ಕರಾವಳಿಯ ಶಾಸನಗಳಲ್ಲಿ ಹುಡುಕಬೇಕಾದುದೂ ಪ್ರಳಯವನ್ನಲ್ಲ: ಉಪ್ಪುನೀರು ನುಗ್ಗಿ ಕೆಟ್ಟ ಗದ್ದೆ, ಮತ್ತೆ ಕಟ್ಟಿದ ಒಡ್ಡು, ಮಾಫಿಯಾದ ತೆರಿಗೆ, ಜಾಗ ಬದಲಿಸಿದ ಬಂದರು.

ಕನ್ನಡ ಕರಾವಳಿಗೆ ಮಕ್ರಾನಿನ ತೆರೆಯು ತಲುಪುವದೆಂಬದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1945ರ ನವೆಂಬರ್ 28ರ ಬೆಳಗಿನ ಜಾವ ಅಲ್ಲಿ 8ಕ್ಕೂ ಮಿಕ್ಕಿದ ಪ್ರಮಾಣದ ಭೂಕಂಪವಾಗಿ ಪಸನಿ, ಓರ್ಮಾರಾ ಊರುಗಳು ಹಾಳಾದವು. ಮುಂಬಯಿಯಲ್ಲಿ ನೀರು ಸುಮಾರು ಎರಡು ಮೀಟರು ಏರಿ ಕೆಲವರು ಕೊಚ್ಚಿಹೋದರು. ತೆರೆಯ ಪ್ರಭಾವವು ಕಾರವಾರದವರೆಗೂ ಕಂಡುಬಂದಿತು. ಗುಜರಾತದ ಕರಾವಳಿಯಲ್ಲಿ ಆ ತೆರೆಯ ಮಳಲನ್ನು ಸಂಶೋಧಕರು ಗುರುತಿಸಿದ್ದಾರೆ. ಕಾರವಾರದಿಂದ ಮಂಗಳೂರಿನವರೆಗಿನ ದಂಡೆಯು ಅದಕ್ಕಿಂತ ಕಠಿನವಾದ ಪುಸ್ತಕ. ಮುಂಗಾರಿನ ಕಡಲು ವರ್ಷ ವರ್ಷವೂ ದಂಡೆಯನ್ನು ಕಡಿದು ಕಟ್ಟುತ್ತದೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಳಲನ್ನು ತಂದು ಅಳಿವೆಯಲ್ಲಿ ಕಡಲ ಮಳಲಿನೊಡನೆ ಬೆರೆಸುತ್ತವೆ. ಬಿರುಗಾಳಿಯ ಹಾಸು, ಹೊಳೆಯ ಹಾಸು, ಸುನಾಮಿಯ ಹಾಸು ಮೂರೂ ಒಂದೇ ಗುಂಡಿಯಲ್ಲಿ ಸಿಕ್ಕುವ ಸಂಭವವುಂಟು.

ಪದರಗಳು ಕದಡದೆ ನಿಲ್ಲಬಹುದಾದ ಸ್ಥಳವೆಂದರೆ ಅಳಿವೆಗಳ ಹಿಂದಿನ ಕೆಸರುನೆಲ. ಕುಮಟಾ ಗೋಕರ್ಣಗಳ ನಡುವೆ ಅಘನಾಶಿನಿಯ ಗಜನಿಗಳು ಅಂಥವು. ಅಲ್ಲಿ ಒಕ್ಕಲಿಗರು ಮಣ್ಣಿನ ಒಡ್ಡು ಹಾಕಿ ಉಪ್ಪುನೀರನ್ನು ತಡೆದು, ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಕೆಸರು ನುಣ್ಣನೆಯದಾದುದರಿಂದ ನಡುವೆ ಮಳಲಿನ ಗೆರೆಯೊಂದಿದ್ದರೆ ಕಣ್ಣಿಗೆ ಬೇಗ ಬೀಳುವದು. ಆದರೆ ನೇಗಿಲು ಮೇಲಿನದನ್ನು ಕಲಸುತ್ತದೆ. ಏಡಿಗಳು ಬಿಲ ತೋಡಿ, ನರಗುಂದದ ಎರೆಯ ಬಿರುಕುಗಳಂತೆಯೇ, ಮೇಲಿನದನ್ನು ಕೆಳಕ್ಕೆ ಇಳಿಸುತ್ತವೆ. ಉಳುವ ಮಟ್ಟದ ಕೆಳಗೆ, ಏಡಿಯ ಬಿಲವು ಮುಟ್ಟದ ಆಳದಲ್ಲಿ, ಒಡ್ಡಿನ ಎರಡೂ ಮಗ್ಗುಲಿಗೆ ಸಾಲಾಗಿ ಕೊಳವೆಯಿಳಿಸಿ ತೆಗೆದ ಕೆಸರನ್ನೇ ಸಾಕ್ಷಿಯೆಂದು ಕರೆಯಬೇಕಾಗುವದು. ಒಡ್ಡುಗಳನ್ನು ಯಾವ ಕಾಲದಲ್ಲಿ ಯಾರು ಯಾಕೆ ಮರಳಿ ಕಟ್ಟಿದರೆಂಬ ಮಾತು ಮಾತ್ರ ಊರಿನ ಕಾಗದಪತ್ರಗಳಿಂದಲೂ ಮಠ ದೇವಸ್ಥಾನಗಳ ಕಡತಗಳಿಂದಲೂ ಬರಬೇಕು.